ಅಡುಗೆ, ಸೆರೆ, ತಗರು

ಮನಃಶಾಸ್ತ್ರದ ಪ್ರೊಫೆಸರರಿಗೆ ಪರೀಕ್ಷೆಗೆ ಕೂರಲು ನಲವತ್ತು ಜನ ಬೇಕಿತ್ತು. ಮೂವತ್ತೊಂಬತ್ತು ಜನ ಕಾಲೇಜಿನಲ್ಲೇ ಸಿಕ್ಕರು. ಎಲ್ಲರೂ ಅಧ್ಯಾಪಕರು, ತಾವು ಬುದ್ಧಿವಂತರೆಂಬ ವಿಷಯದಲ್ಲಿ ಅನುಮಾನವಿಲ್ಲದವರು. ನಲವತ್ತನೆಯವಳಾಗಿ ಹೆಂಡತಿಯ ತಂಗಿಯನ್ನು ಕರೆತಂದರು. ಆಕೆ ಟೈಲರ್. ಅಂಗಡಿಗೆ ಬೀಗ ಹಾಕಿ, ಕುತ್ತಿಗೆಯಲ್ಲಿದ್ದ ಅಳತೆಪಟ್ಟಿಯನ್ನೂ ತೆಗೆಯದೆ ಬಂದಿದ್ದಳು.

ಕಂಪ್ಯೂಟರಿನಲ್ಲಿ ಮೂರು ಪದ ಬರುತ್ತವೆ. ಮೂರಕ್ಕೂ ಕೂಡಿಕೊಳ್ಳುವ ನಾಲ್ಕನೆಯ ಪದವೊಂದು ಇದೆಯೋ ಇಲ್ಲವೋ, ಎರಡು ಸೆಕೆಂಡಿನೊಳಗೆ ಗುಂಡಿ ಒತ್ತಬೇಕು. ಉತ್ತರ ಗೊತ್ತಿರಬೇಕಿಲ್ಲ, ಮನಸ್ಸಿಗೆ ಅನ್ನಿಸಿದರೆ ಸಾಕು. ಆಮೇಲೆ ಎಷ್ಟು ಖಾತರಿಯೆಂದು ಹಾಳೆಯಲ್ಲಿ ಹತ್ತಕ್ಕೆ ಅಂಕ ಬರೆಯಬೇಕು. ‘ಉಂಗುರ, ಕಿರು, ತೋರು’ ಬಂತು. ಇದೆ ಎಂದು ಒತ್ತಿದಳು; ಕೂಡುವ ಪದ ‘ಬೆರಳು’. ಆಮೇಲೆ ‘ಅಡುಗೆ, ಸೆರೆ, ತಗರು’ ಬಂತು. ಇಲ್ಲ ಎಂದು ಒತ್ತಿದಳು.

ಪ್ರೊಫೆಸರ್ ಕನ್ನಡಕದ ಮೇಲಿಂದ ನೋಡಿದರು. “ಉಳಿದವರೆಲ್ಲ ಇದೆ ಅಂದಿದಾರೆ.”

“ತಗರನ್ನ ಸೆರೆಹಿಡಿದು ಅಡುಗೆ ಮಾಡಬಹುದು ಭಾವ. ಕೂಡಿಸೋ ಪದ ಇಲ್ಲ.”

“ಮನೆ ಅಂತ ಉತ್ತರದ ಪಟ್ಟಿಯಲ್ಲೇ ಇದೆ.”

“ತಗರುಮನೆ ಅಂತ ಯಾರಂತಾರೆ?”

“ಯಾರೋ ಅಂತಾರೆ. ಒಳಗಿಂದ ಹೊಳೀಬೇಕು, ನಿನಗದು ಇಲ್ಲ ಬಿಡು.”

ಆ ಸಂಜೆ ಮನೆಯಲ್ಲೂ ಇದನ್ನೇ ಹೇಳಿ ನಕ್ಕರು. ಹೆಂಡತಿ ನಗಲಿಲ್ಲ.

ಮರುದಿನ ಸಹಾಯಕಿ ಕೈಬರಹದ ಮೂಲ ಪಟ್ಟಿ ಹಿಡಿದು ಬಂದಳು. “ಸರ್, ಅದು ತವರು. ಟೈಪ್ ಮಾಡುವಾಗ ತಗರು ಆಗಿಬಿಟ್ಟಿದೆ.”

ಪ್ರೊಫೆಸರರ ಮುಖ ಸಪ್ಪಗಾಯಿತು. ಮೂವತ್ತೊಂಬತ್ತು ವಿದ್ವಾಂಸರು ಇಲ್ಲದ ಉತ್ತರವನ್ನು ಕಂಡಿದ್ದರು. ಭಾಷಾ ವಿಭಾಗದ ಮುಖ್ಯಸ್ಥರಂತೂ ತಮ್ಮ ಖಾತರಿಗೆ ತಾವೇ ಹತ್ತಕ್ಕೆ ಹತ್ತು ಕೊಟ್ಟುಕೊಂಡು, ‘ಮಿಂಚಿನಂತೆ ಹೊಳೆಯಿತು’ ಎಂದು ಪಕ್ಕದಲ್ಲಿ ಬರೆದಿದ್ದರು.

ಮೂರು ದಿನ ಪ್ರೊಫೆಸರ್ ಕೋಣೆಯ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ದಿನ ಹೊರಬಂದಾಗ ಲೇಖನ ಸಿದ್ಧವಾಗಿತ್ತು: ‘ಉತ್ತರವಿಲ್ಲದೆಡೆಯಲ್ಲೂ ಉತ್ತರ ಕಾಣುವ ಅಂತಃಪ್ರಜ್ಞೆ’. ತಪ್ಪು ಅಕ್ಷರವನ್ನು ಬೇಕೆಂದೇ ಇಟ್ಟದ್ದೆಂದು ಅದರಲ್ಲಿತ್ತು. ಲೇಖನ ಅಚ್ಚಾಯಿತು, ಹೊಗಳಿಕೆ ಬಂತು, ವರ್ಷ ತುಂಬುವುದರೊಳಗೆ ಪ್ರೊಫೆಸರ್ ಡೀನ್ ಆದರು. ಸಹಾಯಕಿಯನ್ನು ಗ್ರಂಥಾಲಯಕ್ಕೆ ಹಾಕಿದರು.

ಲೇಖನದ ಪ್ರತಿಯನ್ನು ಹೆಂಡತಿ ತಂಗಿಯ ಅಂಗಡಿಗೆ ಒಯ್ದು ಅಡಿಟಿಪ್ಪಣಿಯನ್ನು ಗಟ್ಟಿಯಾಗಿ ಓದಿದಳು: ‘ನಲವತ್ತನೆಯ ವ್ಯಕ್ತಿ ಯೋಚಿಸಿ ಉತ್ತರಿಸಿದ ಶಂಕೆಯಿರುವುದರಿಂದ ಕೈಬಿಡಲಾಗಿದೆ.’

ತಂಗಿ ಹೊಲಿಗೆ ನಿಲ್ಲಿಸಿದಳು. “ಎರಡು ಸೆಕೆಂಡಲ್ಲಿ ಎಷ್ಟು ಯೋಚಿಸೋಕಾಗುತ್ತೆ ಅಕ್ಕ?”

“ಅವರ ಕಾಲೇಜಲ್ಲಿ ಅಷ್ಟೂ ಯಾರೂ ಯೋಚಿಸಲ್ಲ ಕಣೇ,” ಎಂದಳು ಅಕ್ಕ.