ಒಂದು ಚಿಟಿಕೆ ಇಂಗು

ಗಂಗಮ್ಮ ಮುಚ್ಚಳ ಎತ್ತಿ, ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಮುಖ ಕಿವುಚಿದಳು.

“ಅಯ್ಯೋ ಶಿವನೇ, ಇದೇನ್ ಸಾರೋ, ಕೆಂಪು ಸೀರೆ ನೆನೆಸಿದ ನೀರೋ!”

ಅಡುಗೆಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಮಗಳು ವಿನೋದಿನಿ ಮಹಡಿಯ ಮೇಲೆ ಮನೆಯೊಡತಿ ಹೆಟ್ಟಿಗೆ ಸ್ನಾನ ಮಾಡಿಸುತ್ತಿದ್ದಳು. ಕಾಯಿಲೆಯ ಆ ಮುದುಕಿಯನ್ನು ನೋಡಿಕೊಳ್ಳುವುದೇ ಅವಳ ಕೆಲಸ. ಹೆಟ್ಟಿಯ ಮಗಳು ನೇಯೋಮಿ ಹಬ್ಬಕ್ಕೆ ಬೇಕಾದ ಕಹಿ ಸೊಪ್ಪು ತರಲು ಬಂದರಿನ ಪಕ್ಕದ ಡನ್ ಲಿಯರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಡಬ್ಲಿನ್‌ಗೆ ಹೋಗಿದ್ದಳು. ಹೊರಡುವಾಗ ಗಂಗಮ್ಮನ ಕೈಗೆ ಸೌಟು ಕೊಟ್ಟು, ತಿರುಗಿಸುತ್ತಿರು ಎಂದು ಅಭಿನಯಿಸಿ, ಬೇರೇನೂ ಮಾಡಬೇಡ ಎಂದು ಬೆರಳಾಡಿಸಿದ್ದಳು. ಬೆರಳಾಡಿಸಿದ್ದನ್ನು ಗಂಗಮ್ಮ ‘ಹೋಗಿಬರ್ತೀನಿ’ ಎಂದು ತಿಳಿದು ತಾನೂ ಬೆರಳಾಡಿಸಿ ಬೀಳ್ಕೊಟ್ಟಿದ್ದಳು.

ಗಂಗಮ್ಮ ಸಾಮಾನ್ಯಳಲ್ಲ. ಅವಳು ತಿಪಟೂರಿನಲ್ಲಿ ಒಗ್ಗರಣೆ ಹಾಕಿದರೆ ಅರಸೀಕೆರೆಯಲ್ಲಿ ರೈಲುಗಳು ತಾವಾಗಿ ನಿಲ್ಲುತ್ತಿದ್ದವು. ಮಗಳನ್ನು ನೋಡಲೆಂದು ಐರ್ಲೆಂಡಿಗೆ ಬಂದ ಮೊದಲ ವಾರ ಅವಳು ಮಾಡಿದ ಮೆಣಸಿನ ಸಾರಿಗೆ ಸಮುದ್ರದಾಚೆ ವೇಲ್ಸ್‌ನ ಕುರಿಗಳು ಒಟ್ಟಿಗೆ ಸೀನಿದ್ದವು. ನಂಬದವರು ಕುರಿಗಳನ್ನೇ ಕೇಳಬಹುದು. ಅಂಥವಳ ಕೈಗೆ ಬೀಟ್‌ರೂಟು ಮತ್ತು ಎಲೆಕೋಸು ಬೇಯುವ ಪಾತ್ರೆ ಕೊಟ್ಟು ಸುಮ್ಮನಿರು ಎನ್ನುವುದೆಂದರೆ! ಎಲೆಕೋಸಿಗೆ ಇಂಗು ಹಾಕದವರು ಮುದುಕರ ಹೊಟ್ಟೆಯ ಶತ್ರುಗಳು. ಅವಳು ಸ್ವೆಟರಿನ ಜೇಬಿನಿಂದ ಡಬ್ಬಿ ತೆಗೆದು ಒಂದು ಚಿಟಿಕೆ ಉದುರಿಸಿ, ಕುದಿ ಬರಿಸಿ, ಮತ್ತೆ ರುಚಿ ನೋಡಿ ತಲೆದೂಗಿದಳು.

ಆ ಅಡುಗೆಮನೆಗೆ ಗೋಧಿಯ ನೆರಳೂ ಬೀಳುವಂತಿರಲಿಲ್ಲ. ಮರುದಿನ ಸಂಜೆ ಯೆಹೂದಿಗಳ ಪಸ್ಕ ಹಬ್ಬ. ಎಂಟು ದಿನ ಹುಳಿಯಿಲ್ಲದ ತೆಳು ರೊಟ್ಟಿಯೊಂದನ್ನು ಬಿಟ್ಟು ಗೋಧಿ, ಬಾರ್ಲಿಯದೇನೂ ಮನೆಯಲ್ಲಿರಬಾರದು. ಗುರುವಾರ ಮ್ಯಾಂಚೆಸ್ಟರ್‌ನಿಂದ ಬಂದಿಳಿದ ನೇಯೋಮಿ ಕೋಟು ಬಿಚ್ಚುವ ಮೊದಲೇ ಟೋಸ್ಟರನ್ನು ಗಡೀಪಾರು ಮಾಡಿದ್ದಳು. ಹಲ್ಲುಜ್ಜುವ ಬ್ರಷ್ಷಿನಿಂದ ಅವಳು ಉಜ್ಜಿದ ಉಜ್ಜಿಗೆ ಅಡುಗೆಕಟ್ಟೆಯ ಕಲ್ಲು ಅರ್ಧ ಇಂಚು ಸವೆದಿತ್ತು. ಆಮೇಲೆ ಕಟ್ಟೆ, ಕಪಾಟು, ಫ್ರಿಜ್ಜಿನ ಒಳಗೆಲ್ಲ ಬೆಳ್ಳಿ ಹಾಳೆ ಹೊದಿಸಿದ್ದಳು. ಒಳಗೆ ನಿಂತರೆ ಚಂದ್ರಲೋಕಕ್ಕೆ ಹೊರಟಂತಿತ್ತು. ಶನಿವಾರ ಇಡೀ ಬೀದಿಯೇ ಹೆಟ್ಟಿಯನ್ನು ನೋಡಲು ಬಂತು. ಕೊನೆಯ ಸಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಕೇಕು ತಂದರು. ನೇಯೋಮಿ ಎಲ್ಲವನ್ನೂ ಹೊಸ್ತಿಲಲ್ಲೇ ತಡೆದಳು. ಹೊರಗೆ ಮೆಟ್ಟಿಲ ಮೇಲೆ ಕೂತು, ಬಿಸಿಲು ಕಾಯಿಸುತ್ತಾ, ಅರ್ಧ ಐರ್ಲೆಂಡಿನ ಕೇಕು ಮುಗಿಸಿದವಳು ಗಂಗಮ್ಮ.

ಹೆಟ್ಟಿ ಎಷ್ಟು ತೆಳ್ಳಗಾಗಿದ್ದಳೆಂದರೆ, ಕಿಟಕಿ ತೆರೆಯುವ ಮೊದಲು ವಿನೋದಿನಿ ಅವಳ ಮಡಿಲ ಮೇಲೊಂದು ದಪ್ಪ ಪುಸ್ತಕ ಇಡುತ್ತಿದ್ದಳು. ಇದರಲ್ಲಿ ಹೆಚ್ಚು ಉತ್ಪ್ರೇಕ್ಷೆ ಇಲ್ಲ. ಡಾಕ್ಟರು ಔಷಧಿ ನಿಲ್ಲಿಸಿದ್ದರು. ಹೆಟ್ಟಿಗಿದ್ದದ್ದು ಒಂದೇ ಆಸೆ. ನೇಯೋಮಿ ಮದುವೆಯಾಗಿ ಗಂಡನ ಮನೆಯ ಊಟದ ಮಡಿಯ ಕಟ್ಟುನಿಟ್ಟಿಗೆ ಸೇರಿದಾಗ ತಾಯಿ ನಕ್ಕು, “ಇನ್ನು ಜನ್ಮವಿಡೀ ಕಾಗದದ ತಟ್ಟೆಯಲ್ಲಿ ಉಣ್ಣು” ಎಂದಿದ್ದಳು. ಮಗಳು ಹಾಗೇ ಮಾಡಿದಳು. ಅಂದಿನಿಂದ ತಾಯಿಯ ಮನೆಗೆ ಬಂದಾಗಲೆಲ್ಲ ತನ್ನ ಡಬ್ಬಿಯ ಊಟವನ್ನು ಕಾಗದದ ತಟ್ಟೆಗೆ ಹಾಕಿಕೊಂಡು, ತಾಯಿಯ ಎದುರಿಗೇ ಕೂತು ಉಂಡಳು. ಈ ಸಲ ಹೆಟ್ಟಿ ಬೇಡಿಕೊಂಡಿದ್ದಳು: ನನ್ನ ಮೇಜಿನಲ್ಲಿ, ನನ್ನ ಪಾತ್ರೆಯಿಂದ, ಒಂದು ಸಲ. ಅಡುಗೆಮನೆ ಶಾಸ್ತ್ರದ ಪ್ರಕಾರ ಇದ್ದರೆ ಆಗಲಿ ಎಂದಿದ್ದಳು ಮಗಳು.

ಹೆಟ್ಟಿಯ ಸೊಂಟಕ್ಕೆ ಕೈಕೊಟ್ಟು ಇಳಿಸುತ್ತಿದ್ದ ವಿನೋದಿನಿಗೆ ಮೆಟ್ಟಿಲ ಮೇಲೆಯೇ ವಾಸನೆ ಬಡಿಯಿತು. ಹೆಟ್ಟಿಯನ್ನು ಕುರ್ಚಿಯಲ್ಲಿ ಕೂರಿಸಿದವಳೇ ಒಲೆಯ ಬಳಿ ಓಡಿದಳು.

“ಅಮ್ಮ! ಏನ್ ಹಾಕ್ದೆ ಇದಕ್ಕೆ?”

“ಏನಿಲ್ವೇ, ಒಂಚೂರು ಇಂಗು. ಈಗ್ ನೋಡು, ಗ್ರ್ಯಾಂಡ್ ಆಗೈತೆ.”

“ಅಯ್ಯೋ, ಅದ್ರಲ್ಲಿ ಗೋಧಿ ಹಿಟ್ ಬೆರೆಸಿರ್ತಾರಮ್ಮ!”

“ಇಂಗಲ್ಲಿ ಇಂಗಿರತ್ತೆ. ನಿಂಗ್ಯಾರ್ ಹೇಳಿದ್ದು?”

“ನೇಸ್‌ಗೆ ನನ್ ಫ್ರೆಂಡ್ ಐಶು ಮನೆಗೆ ಹೋದಾಗ ಅವ್ಳು ನಿನ್ ಕೈಯಿಂದ ಡಬ್ಬಿ ಕಿತ್ಕೊಂಡು ಕಾರಲ್ಲಿಟ್ಟು ಬರ್ಲಿಲ್ವಾ? ಅವಳ ಮಗೂಗೆ ಗೋಧಿ ಆಗಲ್ಲ, ಇಂಗಲ್ಲೂ ಇರತ್ತೆ ಅಂತ.”

ಗಂಗಮ್ಮನ ಕೈಯಲ್ಲಿ ಸೌಟು ನಿಂತಿತು.

ಅಷ್ಟರಲ್ಲಿ ಹೆಟ್ಟಿ ಮೂಗರಳಿಸುತ್ತಾ ಬಟ್ಟಲಿಗೆ ಕೈ ಚಾಚಿದ್ದಳು. ವಾರಗಟ್ಟಲೆ ಬಾಯಿಗಿಟ್ಟದ್ದೆಲ್ಲ ತುಕ್ಕಿನ ಹಾಗಿದೆ ಎನ್ನುತ್ತಿದ್ದವಳು, ಎರಡು ಚಮಚಕ್ಕೆ ಸಾಕೆನ್ನುತ್ತಿದ್ದವಳು. ಬೇಡ ಎನ್ನಲು ವಿನೋದಿನಿಗೆ ಬಾಯಿ ಬರಲಿಲ್ಲ. ಹಬ್ಬ ಇನ್ನೂ ನಾಳೆ ತಾನೇ. ಬಡಿಸಿದಳು. ಹೆಟ್ಟಿ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. “ರುಚಿ ಸಿಗ್ತಿದೆ,” ಎಂದಳು. ಮತ್ತೆ ಕುಡಿದಳು. ಮುಂಬಾಗಿಲು ತೆಗೆದು ಸೊಪ್ಪಿನ ಚೀಲದೊಂದಿಗೆ ನೇಯೋಮಿ ಒಳಗೆ ಬಂದಾಗ ಬಟ್ಟಲು ಅರ್ಧ ಖಾಲಿಯಾಗಿತ್ತು.

ನೇಯೋಮಿ ಚೀಲ ಹಿಡಿದುಕೊಂಡೇ ನಿಂತಳು. ಎಷ್ಟೋ ಹೊತ್ತು ತಾಯಿ ಕುಡಿಯುವುದನ್ನೇ ನೋಡಿದಳು.

“ನಾಳೆ ನಂಗೂ ಇದೇ ಬಡಿಸು, ಅಮ್ಮ,” ಎಂದಳು. ಹೇಳಿ, ತನ್ನ ಮಾತಿಗೆ ತಾನೇ ಬೆಚ್ಚಿದಂತೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

ಹೆಟ್ಟಿಯ ಕಣ್ಣು ತುಂಬಿತು. ನಿಜ ಹೇಳಲು ಮುಂದಾದ ವಿನೋದಿನಿಯ ಸೆರಗಿಲ್ಲದ ಭುಜವನ್ನು ಗಂಗಮ್ಮ ಹಿಡಿದೆಳೆದಳು.

“ಸುಮ್ನಿರೇ. ಯಾರ್ಗ್ ಗೊತ್ತಾಗತ್ತೆ?”

“ನಿನ್ ಸೋಮವಾರದ ಒಪ್ಪೊತ್ತಿನ ಊಟಕ್ಕೆ ಯಾರಾದ್ರೂ ಮೊಟ್ಟೆ ಕಲಸಿ ಸುಮ್ನಿದ್ರೆ?”

ಗಂಗಮ್ಮ ಭುಜ ಬಿಟ್ಟಳು. ವಿನೋದಿನಿ ಹೇಳಿದಳು. ಇಂಗು ಎಂದರೇನು, ಹೇಗೆ ಬಿತ್ತು, ತಾಯಿಗೆ ಗೊತ್ತಿರಲಿಲ್ಲ, ತಪ್ಪು ತನ್ನದು, ಒಬ್ಬಳನ್ನೇ ಬಿಡಬಾರದಿತ್ತು. ಬೈಗುಳಕ್ಕೆ ಕಾದಳು. ನೇಯೋಮಿ ಬೈಯಲಿಲ್ಲ. ಪರೀಕ್ಷೆ ಮುಂದಕ್ಕೆ ಹೋಯಿತೆಂದು ತಿಳಿದ ಹುಡುಗಿಯ ಮುಖದಂತೆ ಅವಳ ಮುಖ ಸಡಿಲಗೊಂಡಿತು.

“ಹಾಗಾದ್ರೆ ಆಗಲ್ಲ,” ಎಂದಳು.

“ಯಾಕಾಗಲ್ಲ?” ಹೆಟ್ಟಿ ಮೇಜು ಹಿಡಿದು ಎದ್ದೇಬಿಟ್ಟಳು. “ಒಂದು ಚಿಟಿಕೆ! ಅರವತ್ತರಲ್ಲಿ ಒಂದು ಪಾಲೂ ಬರಲ್ಲ, ಹಬ್ಬಕ್ಕೆ ಮುಂಚೆ ಅಷ್ಟು ಬೆರೆತರೆ ದೋಷವಿಲ್ಲ ಅಂತ ಶಾಸ್ತ್ರವೇ ಹೇಳತ್ತೆ, ಹಬ್ಬ ಇನ್ನೂ ಶುರುವಾಗಿಲ್ಲ. ನಮ್ಮಪ್ಪ ಇಂಥದ್ದಕ್ಕೆಲ್ಲ ಗುರುಗಳನ್ನ ಕೇಳಿ ದಾರಿ ಹುಡುಕ್ತಿದ್ದರು. ನಿನ್ನ ರಬ್ಬಿಗೆ ಫೋನ್ ಮಾಡು. ನಿಮ್ಮ ಗುರುಗಳೇ ಹೇಳಲಿ.”

“ಅದು ಅಷ್ಟು ಸುಲಭ ಅಲ್ಲಮ್ಮ.”

“ಸುಲಭನೋ ಕಷ್ಟನೋ, ಅವರೇ ಹೇಳಲಿ.”

ನೇಯೋಮಿ ಫೋನು ಹಿಡಿದು ಹಿತ್ತಲಿಗೆ ಹೋದಳು. ವಿನೋದಿನಿ ಹೆಟ್ಟಿಯನ್ನು ಕೂರಿಸಿ, ನೀರು ತರಲು ಸಿಂಕಿನ ಬಳಿ ಬಂದಳು. ಎದುರಿಗೇ ಕಿಟಕಿ. ಹೊರಗೆ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನೇಯೋಮಿ ನಿಂತಿದ್ದಳು. ಫೋನು ಅಂಗೈಯಲ್ಲಿತ್ತು, ಅದರ ಪರದೆ ಕಪ್ಪಗಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಕಿವಿಗಿಡಲಿಲ್ಲ. ಗೋಡೆಯ ಬಳ್ಳಿಯಿಂದ ಒಂದು ಎಲೆ ಕಿತ್ತು, ಸಣ್ಣಗೆ ಹರಿದು, ಚೂರುಗಳನ್ನು ಕೆಳಗೆ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದಳು.

“ಆಗಲ್ಲ ಅಂದ್ರು.”

“ಚಿಟಿಕೆ ಅಂತ ಹೇಳಿದ್ಯಾ?”

“ಎಲ್ಲ ಹೇಳಿದೆ.”

ಹೆಟ್ಟಿ ವಿನೋದಿನಿಯ ಕಡೆ ನೋಡಿದಳು. ವಿನೋದಿನಿಯ ಕೈಯಲ್ಲಿ ಲೋಟ ತುಂಬಿ ನೀರು ಸುರಿಯುತ್ತಿತ್ತು, ನಲ್ಲಿ ನಿಲ್ಲಿಸಿ ಹೇಳಿದಳು: “ಇನ್ನೊಂದು ಹೊಸ ಪಾತ್ರೆ ಇದೆ. ಒಲೇನ ನೀವು ಹೇಳಿದ ಹಾಗೆ ಮತ್ತೆ ತೊಳೆದು, ಈಗ್ಲೇ ಇನ್ನೊಂದ್ಸಲ ಮಾಡ್ತೀನಿ.”

“ಬೇಡ ವಿನೋದಿನಿ. ನನ್ನ ಊಟ ಮ್ಯಾಂಚೆಸ್ಟರಿಂದಲೇ ತಂದಿದ್ದೀನಿ. ಇರಲಿ ಅಂತ.”

ನೇಯೋಮಿ ಪಾತ್ರೆಯನ್ನು ಎತ್ತಿ ಸಿಂಕಿಗೆ ಬಗ್ಗಿಸಿದಳು. ಬೆಳ್ಳಿ ಹಾಳೆಯ ಮೇಲೆಲ್ಲ ಕೆಂಪು ಸಿಡಿಯಿತು. ಬಟ್ಟಲು ಕೇಳಲು ಬಂದಾಗ ಹೆಟ್ಟಿ ಅದನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡಳು. “ಇದು ನಂದು,” ಎಂದಳು. ಮಗಳು ಎಳೆಯಲಿಲ್ಲ. ಆರಿದ ಸಾರನ್ನು ಹೆಟ್ಟಿ ಕೊನೆಯ ತೊಟ್ಟಿನವರೆಗೂ ಕುಡಿದಳು.

ಸಂಜೆ ಕೆಲಸ ಮುಗಿಸಿ ತಾಯಿ ಮಗಳು ಬೀದಿಗಿಳಿದಾಗ ಬಿಸಿಲಿನ್ನೂ ಇತ್ತು. ಗಂಗಮ್ಮ ಗೇಟಿನಾಚೆ ಬಂದದ್ದೇ ಅಳಲು ಶುರುಮಾಡಿದಳು. ಬಂದರಿನ ನೀರು ಏರುವಷ್ಟು ಅತ್ತಳು.

“ನನ್ ಕೈ ಕತ್ತರ್ಸಾಕು ಕಣೇ. ಸಾಯೋ ಹೆಂಗಸಿನ ತಟ್ಟೆಗ್ ಮಣ್ ಹಾಕ್ಬಿಟ್ಟೆ.”

ವಿನೋದಿನಿ ಸ್ವಲ್ಪ ದೂರ ನಡೆದಳು. ಆಮೇಲೆ ನಿಂತಳು.

“ಅವ್ಳು ಫೋನೇ ಮಾಡ್ಲಿಲ್ಲಮ್ಮ. ಕಿಟಕೀಲಿ ನೋಡ್ದೆ.”

“ಯಾರ್ಗೆ?”

“ಗುರುಗಳಿಗೆ. ಸುಮ್ನೆ ನಿಂತಿದ್ದು ಬಂದ್ಲು.”

ಗಂಗಮ್ಮನ ಅಳು ನಡುವೆಯೇ ನಿಂತಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಮುದುಕೀಗ್ ಗೊತ್ತಾ?”

“ಗೊತ್ತಿಲ್ಲ ಅನ್ಸತ್ತೆ.”

“ಹಂಗಾರೆ ಹೇಳ್ಬೇಡ. ಇಂಗಿಂದ್ಲೇ ಕೆಟ್ಟಿದ್ದು ಅಂತ ಇರ್ಲಿ. ಎಲ್ಲಿಂದ ಬಂದ್ಲಪ್ಪ ಈ ಹಾಳ್ ಹೆಂಗ್ಸು ಅಂತ ನನ್ನೇ ಬೈಕೊಳ್ಲಿ.”

ಅವಳು ಹಿಂತಿರುಗಿ ನೋಡಿದಳು. ಮುಂಗೋಣೆಯ ಕಿಟಕಿಯಲ್ಲಿ ಹೆಟ್ಟಿ ಕೂತಿದ್ದಳು, ಬೀದಿಯ ಕಡೆಗೇ ಮುಖ ಮಾಡಿ. ಗಂಗಮ್ಮ ಕೈ ಎತ್ತಿದಳು. ತುಸು ತಡವಾಗಿ ಹೆಟ್ಟಿಯೂ ಎತ್ತಿದಳು. ಅವಳ ಹಿಂದೆ ನೇಯೋಮಿ ಬಂದು ಶಾಲು ಹೊದಿಸಿ, ಅಂಚು ಸರಿಪಡಿಸಿ, ಅಲ್ಲೇ ನಿಂತಳು. ಅವಳ ಎರಡೂ ಕೈಗಳು ಕುರ್ಚಿಯ ಬೆನ್ನಿನ ಮೇಲಿದ್ದವು.