ಗಟ್ಟಿ ಮುಚ್ಚಳದ ಕಾಫಿ ಡಬ್ಬಿ

ನನ್ನ ಮುಚ್ಚಳವನ್ನು ಯಾರಾದರೂ ಹೊಗಳಿದರೆ ನನಗೆ ಒಳಗೊಳಗೇ ಅಳುಕು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ನಾನು ಒಂದು ಕಾಫಿಪುಡಿ ಡಬ್ಬಿ.

ಹುಟ್ಟಿದ್ದು ತುಮಕೂರಿನ ಅಂಚಿನ ಒಂದು ಸ್ಟೀಲ್ ಪಾತ್ರೆ ಕಾರ್ಖಾನೆಯಲ್ಲಿ. ನನ್ನ ರೂಪ ಬರೆದವಳು ಅಲ್ಲಿ ವಿನ್ಯಾಸ ಮಾಡುವ ಕುಮುದಾ. ಘಮ ಹೊರಗೆ ಹೋಗಬಾರದೆಂದು ಮುಚ್ಚಳದೊಳಗೆ ರಬ್ಬರ್ ಬಳೆ ಕೂರಿಸಿದಳು. ಚೆಂದ ಕಾಣಲೆಂದು ಅಂಚನ್ನು ನುಣ್ಣಗೆ ಮಾಡಿಸಿದಳು. ಬೆರಳಿಗೆ ಹಿಡಿತವಾಗಲು ಏನನ್ನೂ ಇಡಲಿಲ್ಲ. ನೀರು ತುಂಬಿ ತಲೆಕೆಳಗು ಮಾಡಿದರು. ಹನಿಯೂ ಬೀಳಲಿಲ್ಲ.

"ಮೇಡಂ, ಆನೆ ಬಂದ್ರೂ ತೆಗೆಯೋಕಾಗಲ್ಲ!" ಎಂದು ಫಿಟ್ಟರ್ ಸಿದ್ದಲಿಂಗ ನಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿದೆ. ಈಗ ಆ ಮಾತು ನೆನೆದರೆ ಮೈಯೆಲ್ಲ ಹಿಡಿಯಾಗುತ್ತದೆ.

ಮೊದಲ ಡಬ್ಬಿಯೆಂದು ಕುಮುದಾ ನನ್ನನ್ನು ಮನೆಗೆ ತಂದು, ಕಾಫಿಪುಡಿ ತುಂಬಿ ಮುಚ್ಚಿ, ಅತ್ತೆ ವಿಶಾಲಾಕ್ಷಮ್ಮನವರ ಕೈಗಿಟ್ಟಳು. ಬೆರಳ ಗೆಣ್ಣುಗಳು ಊದಿದ ಕೈ ಅದು. ಎಲ್ಲರಿಗಿಂತ ಮೊದಲು ಎದ್ದು, ತಾವೇ ಡಿಕಾಕ್ಷನ್ ಇಳಿಸಿ, ಹಿತ್ತಲ ಕಟ್ಟೆಯ ಮೇಲೆ ಒಬ್ಬರೇ ಕೂತು ಕಾಫಿ ಕುಡಿಯುತ್ತಿದ್ದರು. ಇಡೀ ದಿನದಲ್ಲಿ ಅವರ ಸ್ವಂತದ ಹೊತ್ತು ಅದೊಂದೇ.

ಮರುದಿನ ಬೆಳಗ್ಗೆ ನನ್ನನ್ನು ಹೊಟ್ಟೆಗೆ ಒತ್ತಿಕೊಂಡು ಎಳೆದರು. ಸೆರಗು ಸುತ್ತಿ ಎಳೆದರು. ಬೆರಳು ಜಾರಿತು. ಸಡಿಲವಾಗಲು ನಾನು ಎಷ್ಟು ಒದ್ದಾಡಿದೆ! ಆಗಲಿಲ್ಲ. ನೋವಿಗೆ ಅವರ ಕಣ್ಣು ಒದ್ದೆಯಾಯಿತು.

ಸೊಸೆಯನ್ನು ಕರೆಯಬಹುದಿತ್ತು. ಆದರೆ ಅವಳೇ ಆಸೆಪಟ್ಟು ಮಾಡಿದ ಡಬ್ಬಿ. ಜೊತೆಗೆ, ಕೈಲಾಗದವಳೆಂದು ಅಡುಗೆಮನೆಯನ್ನೇ ಬಿಡಿಸಿಯಾರೆಂಬ ಭಯ.

"ಚಾತುರ್ಮಾಸ್ಯ ಅಲ್ವಾ, ಈ ಸಲ ಕಾಫಿ ಬಿಟ್ಟಿದ್ದೀನಿ" ಎಂದುಬಿಟ್ಟರು.

ಮನೆಯವರು ನಂಬಿದರು. ಪಕ್ಕದ ಮನೆಯ ಪದ್ಮಾವತಮ್ಮ, "ಸಾಮಾನ್ಯವೇನ್ರೀ ಇದು? ನಾನಾದ್ರೆ ಗಂಡನ್ನ ಬೇಕಾದ್ರೆ ಬಿಟ್ಟೇನು, ಕಾಫಿ ಬಿಡಲ್ಲ!" ಎಂದರು. ವಿಶಾಲಾಕ್ಷಮ್ಮ ನಕ್ಕಂತೆ ಮಾಡಿ ತಲೆ ತಗ್ಗಿಸಿದರು. ಶೆಲ್ಫಿನ ಮೇಲಿದ್ದ ನನಗೆ ನನ್ನ ಹೊಳಪೇ ಅವಮಾನವೆನಿಸಿತು.

ಉತ್ಥಾನ ದ್ವಾದಶಿ ಬಂತು. ತುಳಸಿ ಪೂಜೆ ಮುಗಿಯಿತು, ವ್ರತದ ಅವಧಿಯೂ ಮುಗಿಯಿತು. ಮರುದಿನ ಬೆಳಗ್ಗೆ ಕುಮುದಾ ಅಡುಗೆಮನೆಗೆ ಬಂದಾಗ ಅತ್ತೆ ನನ್ನನ್ನು ಮಡಿಲಲ್ಲಿಟ್ಟುಕೊಂಡು, ಸೌಟಿನ ಹಿಡಿಯಿಂದ ಮುಚ್ಚಳವನ್ನು ಮೀಟುತ್ತಿದ್ದರು.

"ಅಯ್ಯೋ, ಕೊಡಿ ಅತ್ತೆ." ಕುಮುದಾ ಒಂದೇ ಎಳೆತಕ್ಕೆ ತೆಗೆದಳು. "ನೋಡಿ, ಎಷ್ಟು ಸುಲಭ! ವ್ರತ ಮಾಡಿ ಸೊರಗಿದ್ದೀರ, ಅಷ್ಟೇ."

ಹೂಂ ಎನ್ನಲು ಹೊರಟ ವಿಶಾಲಾಕ್ಷಮ್ಮ ತಮ್ಮನ್ನು ತಾವೇ ತಡೆದುಕೊಂಡರು. ಊದಿದ ಬೆರಳುಗಳನ್ನು ಸೊಸೆಯ ಮುಂದೆ ಚಾಚಿದರು.

"ವ್ರತಾನೂ ಇಲ್ಲ, ಏನೂ ಇಲ್ಲ ಕಣೇ. ನಿನ್ನ ಡಬ್ಬಿ ತೆಗೆಯೋಕೆ ನನ್ನ ಕೈಲಿ ಆಗಲ್ಲ."