ಒರತೆಯ ಗುಹೆಯಲ್ಲಿ ಕೇಳಿದ ಕೂಗು

ಮದುವೆಯ ಹಿಂದಿನ ದಿನ ಹುಡುಗಿ ತನ್ನ ಒಂದು ಹಿಡಿ ಕೂದಲು ಕತ್ತರಿಸಿ ನಿಂಫೆಯರಿಗೆ, ಅಂದರೆ ಒರತೆಯ ದೇವಿಯರಿಗೆ, ಒಪ್ಪಿಸಿ ಬರಬೇಕು. ಗುಹೆಯೊಳಗೆ ಒಬ್ಬಳೇ ಹೋಗಬೇಕು. ಫನೋ ಕೂಡ ಹಿಂದೆ ಹಾಗೆಯೇ ಹೋಗಿ ಬಂದವಳು. ಈಗ ಮಗಳು ಕ್ರಿತುಲ್ಲಾ ಹೋದಳು, ಬರಲಿಲ್ಲ.

ಹೊರಗೆ ಕಾದಿದ್ದ ಗೆಳತಿಯರು ಕಿರುಚುತ್ತ ಊರಿಗೆ ಓಡಿಬಂದರು. ಮದುವೆಯ ಎಳ್ಳುಂಡೆ ಕಟ್ಟುತ್ತಿದ್ದ ಫನೋ ಜೇನು ಮೆತ್ತಿದ ಕೈಯಲ್ಲೇ ಗುಡ್ಡ ಹತ್ತಿದಳು. ಊರಿನವರೂ ಹಿಂದೆಯೇ ಓಡಿದರು.

ಗುಹೆಯ ಬಾಯಲ್ಲಿ ತೆಲೆಸನ್ ಅಡ್ಡ ನಿಂತಿದ್ದ. ಹರೆಯದಲ್ಲಿ ಮೈಮೇಲೆ ನಿಂಫೆಯರು ಬಂದಂದಿನಿಂದ ಮನೆಮಠ ಬಿಟ್ಟು ಅವರ ಪೂಜೆಗೆ ನಿಂತವನು. ಅವನು ಆಡಿದ ಮಾತಿಗೆ ಊರಲ್ಲಿ ಎದುರಿಲ್ಲ.

"ಒಳಗೆ ಕಾಲಿಡ್ಬೇಡ ತಾಯಿ. ಚೆಂದದ ಹುಡುಗಿ, ಅವರ ಕಣ್ಣಿಗೆ ಬಿದ್ಲು, ಕರ್ಕೊಂಡ್ರು."

"ಕರ್ಕೊಂಡ್ರಾ? ನಾಳೆ ಮದುವೆ ಕಣಯ್ಯ ಅವಳಿಗೆ!"

"ಅಲ್ಲೇ ಆಯ್ತು ಅನ್ಕೊ. ಅಳ್ಬೇಡ, ಅತ್ರೆ ಅವರಿಗೆ ಅವಮಾನ."

ಆಗ ಒಳಗಿನಿಂದ ತೆಳ್ಳಗೆ ಒಂದು ಕೂಗು ಬಂತು. "ಅಮ್ಮಾ..."

ಫನೋ ನುಗ್ಗಿದಳು. ಗಂಡಸರು ತೋಳು ಹಿಡಿದರು, ಅವಳ ಗಂಡ ದೆಕ್ಸಿಯಾಸ್ ಕೂಡ.

"ನನ್ ಮಗು ಕಣ್ರೋ! ಬಿಡ್ರೋ!"

"ಅದು ಮಗು ಅಲ್ಲ," ಎಂದ ತೆಲೆಸನ್. "ಮಗೂ ದನೀಲಿ ಅವರೇ ಕರೀತಾರೆ. ಹೋದ್ರೆ ನಿನ್ನನ್ನೂ ಎಳ್ಕೊಂಬಿಡ್ತಾರೆ. ಮನೇಲಿ ಇನ್ನೆರಡು ಕೂಸಿದಾವಲ್ಲ, ಅವುಗಳ ಮುಖ ನೋಡು. ಎಲ್ರೂ ಹಾಡಿ! ಆ ಕೂಗು ಕಿವಿಗೆ ಬೀಳ್ಬಾರ್ದು."

ಹೆಂಗಸರು ಸ್ತುತಿ ಎತ್ತಿಕೊಂಡರು. ಕೂಗು ಜೋರಾದಾಗ ಹಾಡೂ ಜೋರಾಯಿತು. ಫನೋ ಮೊದಲು ತುಟಿ ಬಿಚ್ಚಲಿಲ್ಲ. ಆಮೇಲೆ ಮನೆಯಲ್ಲಿದ್ದ ಚಿಕ್ಕವರನ್ನು ನೆನೆದು ಹೆದರಿ ಹಾಡಿದಳು. ಮರುದಿನವೂ ಗಂಟಲು ಹರಿಯುವಂತೆ ಹಾಡಿದಳು. ಕೂಗು ಸಣ್ಣದಾಗುತ್ತ ಬಂದು ನಿಂತಿತು.

"ಒಪ್ಕೊಂಡ್ರು," ಎಂದ ತೆಲೆಸನ್. ಊರು ಹಬ್ಬ ಮಾಡಿತು. ಇಂಥ ಭಕ್ತಿಗೆ ಬೆಂಕಿ ಬೀಳಲಿ! ದೇವಿಯರ ಮನೆಗೆ ಹೆಣ್ಣು ಕೊಟ್ಟವಳು ಎಂದು ಹೆಂಗಸರು ಫನೋಳನ್ನು ಕಂಡು ಕರುಬಿದರು. ಅವಳೂ ಅದನ್ನೇ ನಂಬಿದಳು. ನಂಬದೆ ಬದುಕುವುದು ಅವಳಿಂದ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ಕಲ್ಲು ಕುಸಿದು ಒರತೆ ಕಟ್ಟಿಕೊಂಡಿತು. ತೆಲೆಸನ್ ಮೇಕೆ ಕೊಯ್ದು ದೇವಿಯರ ಅಪ್ಪಣೆ ಕೇಳಿದ. ನೀರಿಗಾದರೆ ಅಪ್ಪಣೆ ಸಿಕ್ಕಿಬಿಡುತ್ತದೆ ನೋಡಿ. ಪಂಜು ಹಿಡಿದು ಗಂಡಸರು ಒಳಗೆ ಹೋದರು.

ಕತ್ತಲಲ್ಲಿ ಕಾಣದ ಬಿರುಕೊಂದರಲ್ಲಿ ಕ್ರಿತುಲ್ಲಾಳ ಮೂಳೆಗಳಿದ್ದವು. ಆಳವೇನಿರಲಿಲ್ಲ, ಒಂದು ಹಗ್ಗ ಇಳಿಬಿಟ್ಟಿದ್ದರೆ ಸಾಕಿತ್ತು. ಕಾಲು ಮುರಿದಿತ್ತು, ಅಷ್ಟೇ. ಬಂಡೆಗೆ ಮೆತ್ತಿದ್ದ ಜೇಡಿಮಣ್ಣಿನ ಮೇಲೆ ಉಗುರಿನ ಗೀರುಗಳಿದ್ದವು.

ದೆಕ್ಸಿಯಾಸ್ ಹೆಂಡತಿಯ ಕಾಲ ಬಳಿ ಕುಸಿದ. "ನಮಗೆ ಗೊತ್ತಾಗ್ಲಿಲ್ಲ ಕಣೇ. ಗೊತ್ತಾಗಿದ್ರೆ..."

ಫನೋ ಅಳಲಿಲ್ಲ.

"ಅವಳಿಗೆ ಗೊತ್ತಾಗಿತ್ತು," ಎಂದಳು. "ನನ್ ದನಿ ಅವಳಿಗೆ ತಿಳೀದೆ ಇರುತ್ತಾ? ಅಮ್ಮ ಇಲ್ಲೇ ಮೇಲೆ ನಿಂತಿದಾಳೆ, ನಾನ್ ಕೂಗೋದು ಅವಳಿಗೆ ಕೇಳಿಸ್ತಿದೆ, ಆದ್ರೂ ಹಾಡ್ತಾ ಇದಾಳೆ ಅಂತ ತಿಳ್ಕೊಂಡೇ ಸತ್ಲು."